ಪರಂಗಿ ಚಕ್ಕೆಯಿಂದ ಪೆನಿಸಿಲಿನ್‌ವರೆಗೆ

ಗಾಂಧಿಬಜಾರಿನಲ್ಲಿ ಪಪ್ಪಾಯಿಯನ್ನು ಪರಂಗಿ ಹಣ್ಣೆಂದೇ ಕೇಳಿ ಕೊಳ್ಳುವವರು ಇಂದಿಗೂ ಉಂಟು. ಹಡಗೇರಿ ಬಂದ ಹಣ್ಣಿಗೆ ನಮ್ಮ ಹಿರಿಯರು ತಂದವರ ಹೆಸರನ್ನೇ ಇಟ್ಟರು. ಅದೇ ಹಡಗಿನ ದಾರಿಯಲ್ಲಿ ಬಂದ ವ್ಯಾಧಿಯೊಂದಕ್ಕೂ ಅದೇ ಹೆಸರು ಅಂಟಿಕೊಂಡಿತು. ಇಂದು ನಾವು ಸಿಫಿಲಿಸ್ ಎನ್ನುವುದೇ ಅಂದಿನ ಪರಂಗಿ ರೋಗ. ಅದರ ಮದ್ದಾದ ಬೇರನ್ನು ಗ್ರಂಧಿಗೆ ಅಂಗಡಿಯವರು ಪರಂಗಿ ಚಕ್ಕೆಯೆಂದು ಕರೆದರು. ಅದು ಬಂದದ್ದಾದರೋ ಚೀನಾದಿಂದ!

16ನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಇದನ್ನು ಫಿರಂಗ ರೋಗವೆಂದು ಹೆಸರಿಸಿ, ಪಾದರಸದ ಕಲ್ಪಗಳನ್ನೂ ಈ ಚಕ್ಕೆಯನ್ನೂ ವಿಧಿಸಿದ್ದಾನೆ. ನಾವಷ್ಟೇ ಅನ್ಯರನ್ನು ದೂರಿದೆವೆಂದಲ್ಲ. ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ರೋಗ ಎಲ್ಲರದು, ದೋಷ ಮಾತ್ರ ಪರರದು.

ದೋಷವನ್ನು ಪರರ ಮೇಲೆ ಹೊರಿಸುವ ಈ ಬುದ್ಧಿ ಮುಂದೆ ಕಾನೂನಿನ ರೂಪವನ್ನೇ ತಾಳಿತು. 1864ರ ದಂಡುಪ್ರದೇಶಗಳ ಕಾಯಿದೆ ಮತ್ತು 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಗಳ ಮೂಲಕ, ಆಂಗ್ಲ ಸೈನಿಕರ ಆರೋಗ್ಯರಕ್ಷಣೆಯ ನೆಪದಲ್ಲಿ, ವೇಶ್ಯೆಯರನ್ನು ದಾಖಲೆ ಮಾಡಿ ಪರೀಕ್ಷಿಸಿ ‘ಲಾಕ್ ಆಸ್ಪತ್ರೆ’ಗಳಲ್ಲಿ ಇರಿಸಲಾಯಿತು. ಬೆಂಗಳೂರಿನ ದಂಡೂ ಇದಕ್ಕೆ ಹೊರತಾಗಿರಲಿಲ್ಲ. ಅಲ್ಲಿ ಪಾದರಸವೇ ಮುಖ್ಯ ಮದ್ದು. ವಸಡು ಊದಿ, ಜೊಲ್ಲು ಸುರಿದು, ಹಲ್ಲು ಸಡಿಲವಾಗುವುದು ಅದರ ಫಲ. ಹೆಣ್ಣಿಗೆ ಬೀಗ, ಗಂಡಿಗೆ ಬಿಡುವು! ಈ ವ್ಯವಸ್ಥೆಯ ವಿರುದ್ಧ ಇಂಗ್ಲೆಂಡಿನಲ್ಲಿಯೇ ಕೂಗೆದ್ದು, 1888ರಲ್ಲಿ ಆ ಕಾಯಿದೆ ರದ್ದಾಯಿತು.

ಅನಂತರ ಬಂದದ್ದು ರಸಾಯನಶಾಸ್ತ್ರದ ಯುಗ. ಜರ್ಮನಿಯ ಪಾಲ್ ಎರ್ಲಿಖ್ ಮತ್ತು ಜಪಾನಿನ ಸಹಾಚಿರೊ ಹಾಟಾ ಶಂಖಪಾಷಾಣದ ಸಂಯುಕ್ತಗಳನ್ನು ಒಂದೊಂದಾಗಿ ಪರೀಕ್ಷಿಸಿ, 606ನೆಯ ಸಂಖ್ಯೆಯದರಲ್ಲಿ ಗುಣ ಕಂಡರು. ‘ಸಾಲ್ವರ್ಸಾನ್’ ಎಂಬ ಹೆಸರಿನಿಂದ ಅದು 1910ರಲ್ಲಿ ಬಳಕೆಗೆ ಬಂತು. 1943ರಲ್ಲಿ ಅಮೆರಿಕದ ಜಾನ್ ಮಹೋನಿ ನಾಲ್ವರು ರೋಗಿಗಳಿಗೆ ಪೆನಿಸಿಲಿನ್ ಕೊಟ್ಟು ನೋಡಿದ ಮೇಲೆ ಪಾದರಸ, ಪಾಷಾಣಗಳ ಕಾಲ ಮುಗಿಯಿತು. 1955ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ನಮ್ಮದೇ ಕಾರ್ಖಾನೆ ಪೆನಿಸಿಲಿನ್ ತಯಾರಿಸತೊಡಗಿತು. ಸಿಫಿಲಿಸ್ಸಿನ ಮೊದಲ ಹಂತಗಳಲ್ಲಿ 24 ಲಕ್ಷ ಯೂನಿಟ್ಟುಗಳ ಒಂದೇ ಸೂಜಿಮದ್ದು ಇಂದಿಗೂ ಸಾಕು. ಗರ್ಭಿಣಿಗೆ ಸಕಾಲದಲ್ಲಿ ಕೊಟ್ಟರೆ ಮಗುವೂ ಉಳಿಯುತ್ತದೆ. ಆದರೆ ಗನೋರಿಯಾದ ರೋಗಾಣು ಮೊಂಡು ಬಿದ್ದಿದೆ. ಅರೆಬರೆ ಮದ್ದುಗಳಿಂದ ಪಳಗಿದ ಅದಕ್ಕೆ ಪೆನಿಸಿಲಿನ್ ಈಗ ನಾಟದು.

ಹೆಂಗಸರು ಬಿಳಿಸೆರಗೆಂದು ಪಿಸುಗುಡುವ ತೊಂದರೆಯ ಕಥೆ ಇನ್ನೊಂದು ಬಗೆಯದು. ಅದಕ್ಕೆ ಟ್ರೈಕೊಮೋನಾಸ್ ಎಂಬ ಜೀವಿ ಕಾರಣವಾಗಬಹುದು. 1960ರ ವೇಳೆಗೆ ಬಂದ ಮೆಟ್ರೊನಿಡಜೋಲ್ ಅದನ್ನು ಗೆದ್ದಿತು. ಬೂಷ್ಟಿನ ಜಾತಿಯ ಕ್ಯಾಂಡಿಡಾ ಕಾರಣವಾದರೆ ಮದ್ದು ಬೇರೆ. ಅದು ಮಧುಮೇಹದಿಂದಲೂ, ಬೇರೊಂದು ಕಾಯಿಲೆಗೆ ನುಂಗಿದ ಆ್ಯಂಟಿಬಯೋಟಿಕ್‌ನಿಂದಲೂ ಬರಬಹುದಾದ್ದು. ಶೀಲದ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಆದರೂ ನಾಚಿಕೆ ಹೋಗಿಲ್ಲ. ಜಯನಗರದ ನಮ್ಮ ಮನೆಯ ಬಳಿಯ ಔಷಧದ ಅಂಗಡಿಯಲ್ಲಿ ಒಂದು ಸಂಜೆ ತಾಯಿಯೊಬ್ಬರು ನಾವೆಲ್ಲ ಹೋಗಲೆಂದು ಕಾಯುತ್ತ ನಿಂತಿದ್ದರು. ಕೊನೆಗೆ ತಗ್ಗಿದ ದನಿಯಲ್ಲಿ ಏನನ್ನೋ ಕೇಳಿ, ಚೀಟಿಯಿಲ್ಲದೆಯೇ ಎರಡು ಮಾತ್ರೆ ಕೊಂಡು ಸರಸರನೆ ಹೊರಟುಹೋದರು. ಯಾವ ತೊಂದರೆಗೆ ಯಾವ ಮಾತ್ರೆಯೋ!

ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ’ ಕ್ಲಿನಿಕ್ಕುಗಳಿಗೆಂದು ಈ ಮದ್ದುಗಳನ್ನು ಬಣ್ಣಬಣ್ಣದ ಪೊಟ್ಟಣಗಳಲ್ಲಿ ಕಟ್ಟುವ ಕ್ರಮ ಬಂತು: ಬಿಳಿಸೆರಗಿಗೆ ಹಸಿರು, ಹುಣ್ಣಿಗೆ ಬಿಳಿ. ಬೇಕಾದೆಡೆ ಸಂಗಾತಿಗೂ ಚಿಕಿತ್ಸೆಯುಂಟು, ಬೀಗವಿಲ್ಲ. ನಾನೂರು ವರ್ಷಗಳಲ್ಲಿ ಮದ್ದು ಇಷ್ಟು ದೂರ ನಡೆದು ಬಂದಿದೆ. ಇನ್ನು ನಡೆಯಬೇಕಾದದ್ದು ನಮ್ಮ ನಾಲಗೆ. ರೋಗಕ್ಕೆ ಪರರ ಹೆಸರಿಡುವುದನ್ನು ಬಿಟ್ಟೆವು. ರೋಗಿಗೆ ಕೆಟ್ಟ ಹೆಸರಿಡುವುದನ್ನು ಬಿಟ್ಟರೆ ಅರ್ಧ ಚಿಕಿತ್ಸೆ ಮುಗಿದಂತೆಯೇ.