ಮೋಟೆಬೆನ್ನೂರಿನ ಹುಡುಗ ನಡೆದ ದಾರಿ

ಮಳೆಗಾಲ ಬಂತೆಂದರೆ ಭಾನುವಾರ ಬೆಳಗಿನ ಕಸಾರಾ ಲೋಕಲ್‌ನಲ್ಲಿ ಬೆನ್ನುಚೀಲಗಳದ್ದೇ ದರ್ಬಾರು. ಘಾಟ್ಕೋಪರ್‌ನಲ್ಲಿ ಹತ್ತುವ ನಮ್ಮ ಹುಡುಗ ಹುಡುಗಿಯರೂ ಆ ಗುಂಪಿನಲ್ಲಿರುತ್ತಾರೆ. ದೂರದ ನಡಿಗೆಯಲ್ಲಿ ಯಾವುದು ಕಷ್ಟ ಎಂದು ಕೇಳಿದರೆ ಏರು, ಜಾರು, ಬೂಟು, ನೀರು ಎನ್ನುತ್ತಾರೆ. ಇದೇ ಪ್ರಶ್ನೆಯನ್ನು ದಂಡಿ ಯಾತ್ರೆಯ ಚರಿತ್ರೆಗೆ ಕೇಳಿದರೆ ಉತ್ತರ ಇಷ್ಟಕ್ಕೇ ನಿಲ್ಲುವುದಿಲ್ಲ.

1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ ಗಾಂಧೀಜಿಯ ಜೊತೆ ಹೊರಟ 78 ಮಂದಿಯಲ್ಲಿ ಕರ್ನಾಟಕದವರು ಒಬ್ಬರೇ: ಈಗಿನ ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ.

ದಾರಿ ಸುಮಾರು 240 ಮೈಲಿ, ದಿನ 24, ಸೋಮವಾರ ವಿಶ್ರಾಂತಿ. ಅಂದರೆ ನಡೆದ ದಿನ ಹನ್ನೊಂದು ಹನ್ನೆರಡು ಮೈಲಿ. ಇದೇನು ಮಹಾ ಎಂದು ಇಂದಿನ ಚಾರಣಿಗರು ನಗಬಹುದು. ಅರವತ್ತು ದಾಟಿದ್ದ ಗಾಂಧೀಜಿಗೂ ಅದು ಮಕ್ಕಳಾಟವೇ ಆಗಿತ್ತು. ಅವರಿಗೆಂದು ಇಟ್ಟಿದ್ದ ಕುದುರೆಯನ್ನು ಅವರು ಹತ್ತಲೇ ಇಲ್ಲ. ಸೋತವರು ಎಳೆಯರು. ಕೆಲವರಿಗೆ ಜ್ವರ, ಹಲವರ ಪಾದದಲ್ಲಿ ಬೊಬ್ಬೆ. ವಾರಾಂತ್ಯದ ಚಾರಣಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ಇದು: ಸೋಮವಾರ ಆಫೀಸಿನ ಕುರ್ಚಿ ಸಿಗುತ್ತದೆಂಬ ಧೈರ್ಯ ಅಲ್ಲಿಲ್ಲ. ಎರಡನೇ ದಿನ ಎದ್ದ ಬೊಬ್ಬೆಯ ಮೇಲೆಯೇ ಮೂರನೇ ದಿನ ನಡೆಯಬೇಕು. ಅದರ ಮೇಲೆ ನಸುಕಿನ ಪ್ರಾರ್ಥನೆ, ನಿತ್ಯ ನೂಲುವುದು, ದಿನಚರಿ ಬರೆಯುವುದು. ಕಾಲು ನೋಯುತ್ತಿದೆ ಎಂದು ಚರಕಕ್ಕೆ ರಜೆ ಇರಲಿಲ್ಲ.

ದೇಹಕ್ಕೆ ಅತಿ ಕಠಿಣವಾದದ್ದು ಮಹೀ ನದಿ. ಸಮುದ್ರದ ಭರತ ಇಳಿತ ಆ ನದಿಯೊಳಕ್ಕೂ ಬರುತ್ತದೆ. ಕಂಕಾಪುರದ ದಡದಿಂದ ನಡುರಾತ್ರಿ ದೋಣಿಯಲ್ಲಿ ದಾಟಿದರು. ದೋಣಿ ತಲುಪುವುದಕ್ಕೂ ಇಳಿದ ಮೇಲೂ ಮೊಣಕಾಲುದ್ದದ ಕೆಸರು.

ಆದರೆ ಕೆಸರಿಗಿಂತ ದೊಡ್ಡ ಕಷ್ಟ ಸೂರತ್ ಸಮೀಪಿಸಿದಾಗ ಎದುರಾಯಿತು, ಅದೂ ಸೌಕರ್ಯದ ರೂಪದಲ್ಲಿ. ಹಳ್ಳಿಯವರು ಸಾದಾ ಊಟ ಕೊಟ್ಟರೆ ಸಾಕು, ಸಿಹಿ ಬೇಡ ಎಂದು ಗಾಂಧೀಜಿ ಮೊದಲೇ ತಿಳಿಸಿದ್ದರು. ಆದರೂ ಸೂರತ್‌ನಿಂದ ಮೋಟಾರು ಲಾರಿಯಲ್ಲಿ ಹಾಲು, ತರಕಾರಿ ಬಂದವು. ರಾತ್ರಿ ನಡೆಯುವಾಗ ಬೆಳಕಿಗೆಂದು ಭಾರವಾದ ಸೀಮೆಎಣ್ಣೆ ದೀಪವನ್ನು ಒಬ್ಬ ಬಡ ಕೂಲಿಯ ತಲೆಯ ಮೇಲೆ ಹೊರಿಸಿ, ಬೇಗ ಬೇಗ ನಡೆ ಎಂದು ಅವಸರಪಡಿಸಿದರು. ಮಾರ್ಚ್ 29ರಂದು ಭಟಗಾಮ್‌ನಲ್ಲಿ ಗಾಂಧೀಜಿ ಸಭೆಯ ಮುಂದೆಯೇ ತಮ್ಮನ್ನೂ ತಮ್ಮವರನ್ನೂ ತರಾಟೆಗೆ ತೆಗೆದುಕೊಂಡರು. ವೈಸ್‌ರಾಯ್‌ಗೆ ಪತ್ರ ಬರೆದು ಅವರ ಸಂಬಳವನ್ನು ಬಡವರ ಆದಾಯಕ್ಕೆ ಹೋಲಿಸಿ ಟೀಕಿಸಿದವರು ನಾವು, ಈಗ ನಾವೇ ಇನ್ನೊಬ್ಬನ ತಲೆಯ ಮೇಲೆ ನಡೆಯುವುದೇ ಎಂಬುದು ಅವರ ಸಂಕಟ. ನನ್ನ ದೃಷ್ಟಿಯಲ್ಲಿ ಇಡೀ ಯಾತ್ರೆಯ ಅತಿ ಕಡಿದಾದ ಏರು ಅದೇ. (ಹಿಮಾಲಯದಲ್ಲಿ ನಮ್ಮ ಡೇರೆ ಹೊರುವವರ ನೆನಪು ಇಲ್ಲಿ ಬಂದರೆ ಬರಲಿ.)

ಮಹಾದೇವಪ್ಪನವರ ನಡಿಗೆ ದಂಡಿಯಲ್ಲಿ ಮುಗಿಯಲಿಲ್ಲ. ಊರಿಗೆ ಮರಳಿ ಖಾದಿ ಕೆಲಸ, ಜೈಲು, ಮತ್ತೆ ಚಳವಳಿ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರ್ಕಾರ ವಸೂಲು ಮಾಡಿಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವಪ್ಪನವರಿಗೆ ಆಗ 31.

ಅಂಥದ್ದೇ ಒಂದು ನಡಿಗೆ ನಮ್ಮ ಮನೆ ಪಕ್ಕದಲ್ಲೇ ಹಾದುಹೋಗಿದೆ. 2018ರ ಮಾರ್ಚ್ 6ರಂದು ನಾಸಿಕ್‌ನಿಂದ ಹೊರಟ ರೈತರು, ಅವರಲ್ಲಿ ಬಹಳಷ್ಟು ಆದಿವಾಸಿಗಳು, ಕಸಾರಾ ಘಾಟಿಯಿಳಿದು ಸುಮಾರು 180 ಕಿಲೋಮೀಟರು ನಡೆದು ಬಂದರು. ಹರಿದ ಚಪ್ಪಲಿ, ಸುಲಿದ ಪಾದಗಳ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. 11ರಂದು ಠಾಣೆಯಿಂದ ಪೂರ್ವ ದ್ರುತಗತಿ ಹೆದ್ದಾರಿ ಹಿಡಿದು ವಿಕ್ರೋಲಿ, ಘಾಟ್ಕೋಪರ್ ದಾಟಿ ಸಯಾನ್‌ನ ಸೋಮಯ್ಯ ಮೈದಾನ ಸೇರಿದರು. ಆಜಾದ್ ಮೈದಾನಕ್ಕೆ ಮರುದಿನ ಬೆಳಿಗ್ಗೆ ಹೊರಡಬಹುದಿತ್ತು. ಆದರೆ ಅಂದು ಹತ್ತನೇ ತರಗತಿಯ ಪರೀಕ್ಷೆ. ಮಕ್ಕಳಿಗೆ ದಾರಿ ಅಡ್ಡವಾಗಬಾರದೆಂದು, ಆರು ದಿನ ನಡೆದ ಆ ಕಾಲುಗಳು ನಿದ್ದೆ ಬಿಟ್ಟು ರಾತ್ರೋರಾತ್ರಿ ಮತ್ತೆ ಹೊರಟವು.