ಹಾರ್ವೆಯ ಗುಣಾಕಾರ

ತಿಂದ ಅನ್ನದಿಂದ ಪಿತ್ತಜನಕಾಂಗ ರಕ್ತ ತಯಾರಿಸುತ್ತದೆ, ಮೈ ಅದನ್ನು ಬಳಸಿ ಮುಗಿಸುತ್ತದೆ ಎಂಬ ಗೇಲನ್‌ನ ಮಾತನ್ನು ಯುರೋಪು ಸುಮಾರು 1400 ವರ್ಷ ನಂಬಿತ್ತು. ಲಂಡನ್ನಿನ ವೈದ್ಯ ವಿಲಿಯಂ ಹಾರ್ವೆ 1628ರ ತನ್ನ ಪುಸ್ತಕದಲ್ಲಿ ಒಂದು ಗುಣಾಕಾರ ಮಾಡಿದ. ಹೃದಯ ಒಮ್ಮೆ ಬಡಿದರೆ ಅರ್ಧ ಔನ್ಸ್ ರಕ್ತ ಹೊರಬೀಳುತ್ತದೆ ಅಂತಿಟ್ಟುಕೊಳ್ಳಿ. ಅರ್ಧ ಗಂಟೆಗೆ ಸಾವಿರ ಬಡಿತ, ಅಂದ್ರೆ 500 ಔನ್ಸ್. ಹದಿನಾಲ್ಕು ಕಿಲೋಗೂ ಜಾಸ್ತಿ! ಅಷ್ಟು ರಕ್ತ ಇಡೀ ಮೈಯಲ್ಲೇ ಇಲ್ಲ. ಹಾಗಾದರೆ ಇದ್ದ ರಕ್ತವೇ ಸುತ್ತಿ ಬರುತ್ತಿರಬೇಕು.

ಪುಸ್ತಕ ಬಂದ ಮೇಲೆ ಅವನ ಹತ್ತಿರ ಬರುವ ರೋಗಿಗಳೇ ಕಡಿಮೆಯಾದರಂತೆ. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ದಾರಿಯನ್ನು ಕಣ್ಣಾರೆ ಕಾಣದೆ 1657ರಲ್ಲಿ ತೀರಿಕೊಂಡ. 1661ರಲ್ಲಿ ಇಟಲಿಯ ಮಾಲ್ಪೀಗಿ, ಕಪ್ಪೆಯ ಶ್ವಾಸಕೋಶದಲ್ಲಿ ಆ ಲೋಮನಾಳಗಳನ್ನು ಸೂಕ್ಷ್ಮದರ್ಶಕದಿಂದ ಕಂಡ.

ನನ್ನಂಥ ಸಾಫ್ಟ್‌ವೇರ್‌ನವನಿಗೆ ಇಷ್ಟವಾಗುವುದು ಇದೇ ನೋಡಿ: ಕಣ್ಣಿಗೆ ಕಾಣದ ಕೊಂಡಿ ಲೆಕ್ಕಕ್ಕೆ ಮೊದಲೇ ಸಿಕ್ಕಿತ್ತು.