ಖಾದ್ಯತೈಲದ ರಾಸಾಯನಿಕ ಕಲ್ಮಶಗಳು (ವಿಜಯಪುರ ಜಿಲ್ಲೆ)

ಬೆಳೆ, ದಾಸ್ತಾನು, ಶುದ್ಧೀಕರಣ ಹಾಗೂ ಕಾಯಿಸುವ ಹಂತಗಳಲ್ಲಿ ಅಡುಗೆ ಎಣ್ಣೆಗೆ ಸೇರುವ ಹಾನಿಕಾರಕ ವಸ್ತುಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಸಾಂಪ್ರದಾಯಿಕ ಎಣ್ಣೆಕಾಳುಗಳು ಶೇಂಗಾ ಮತ್ತು ಕುಸುಬೆ. ಸೂರ್ಯಕಾಂತಿ ತಡವಾಗಿ ಬಂದದ್ದು.

ಇಲ್ಲಿ ಮೊದಲು ಗಮನಿಸಬೇಕಾದದ್ದು ಅಫ್ಲಟಾಕ್ಸಿನ್. ಕಾಯಿ ಬಲಿಯುವಾಗ ಮಳೆ ಕೈಕೊಟ್ಟರೆ, ಕಿತ್ತ ಶೇಂಗಾ ಸರಿಯಾಗಿ ಒಣಗದಿದ್ದರೆ ಆಸ್ಪರ್ಜಿಲಸ್ ಫ್ಲೇವಸ್ ಬೂಷ್ಟು ಇದನ್ನು ಉತ್ಪಾದಿಸುತ್ತದೆ. ಇದು ಯಕೃತ್ತಿನ ಕ್ಯಾನ್ಸರ್‌ಕಾರಕ. ಕಾಳು ಹಿಂಡಿದಾಗ ಇದರ ಬಹುಭಾಗ ಹಿಂಡಿಯಲ್ಲೇ ಉಳಿದು, ಅದನ್ನು ತಿಂದ ಎಮ್ಮೆ-ಆಕಳ ಹಾಲಿಗೆ ಎಂ1 ರೂಪದಲ್ಲಿ ಇಳಿಯುತ್ತದೆ. ಹಾಲಿನಲ್ಲಿ ಭಾರತದ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ. ಕ್ಷಾರ ಬಳಸಿ ಶುದ್ಧೀಕರಿಸಿದ ಎಣ್ಣೆಯಲ್ಲಿ ವಿಷ ಬಹುತೇಕ ಇರುವುದಿಲ್ಲ, ಗಾಣದ ಎಣ್ಣೆಯಲ್ಲಿ ಸ್ವಲ್ಪ ಉಳಿಯಬಹುದು. ‘ಗಾಣದ್ದೆಂದರೆ ಶುದ್ಧ’ ಎಂಬ ನಂಬಿಕೆ ಅಷ್ಟರಮಟ್ಟಿಗೆ ಅರ್ಧಸತ್ಯ. ಜೋಳದ ರೊಟ್ಟಿಯೊಡನೆ ನಿತ್ಯ ತಿನ್ನುವ ಶೇಂಗಾ ಚಟ್ನಿಯಲ್ಲಿ ಇಡೀ ಕಾಳೇ ಇರುವುದರಿಂದ, ಕಾಳು ಕೆಟ್ಟಿದ್ದರೆ ಎಣ್ಣೆಗಿಂತ ಚಟ್ನಿಯದೇ ಹೆಚ್ಚಿನ ಪಾಲು.

ಶುದ್ಧೀಕರಣಕ್ಕೂ ತನ್ನದೇ ಕಲ್ಮಶಗಳಿವೆ: 200 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ವಾಸನೆ ತೆಗೆಯುವಾಗ ಗ್ಲೈಸಿಡಿಲ್ ಎಸ್ಟರ್‌ಗಳು ಹುಟ್ಟುತ್ತವೆ, ತಾಳೆಎಣ್ಣೆಯಲ್ಲಿ ವಿಶೇಷವಾಗಿ. ಲಿನೋಲಿಯಿಕ್ ಆಮ್ಲ ಹೇರಳವಾಗಿರುವ ಕುಸುಬೆ ಎಣ್ಣೆ ಒಗ್ಗರಣೆಗೆ ಸರಿ. ಮಿರ್ಚಿ ಭಜಿಯ ಬಾಣಲೆಯಲ್ಲಿ ಮತ್ತೆ ಮತ್ತೆ ಕಾಯಿಸಿದರೆ ಬೇಗ ಕೆಡುತ್ತದೆ. ಕರಿದ ಎಣ್ಣೆಯಲ್ಲಿ ಅದು ಕೆಟ್ಟಂತೆ ಹೆಚ್ಚುವ ಒಟ್ಟು ಧ್ರುವೀಯ ಸಂಯುಕ್ತಗಳು ಶೇ 25 ಮೀರಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿ ಜಾರಿಯಲ್ಲಿದೆ.